ಬೆಳಿಗ್ಗೆ ಗೋಡೆ, ಮಧ್ಯಾಹ್ನ ಸಮುದ್ರ

ಯೋಜನೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಕೊಟ್ಟೂರು ಸೀಮೆಯಲ್ಲೇ ಇಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ನಾನು ಗೋಡೆ ಬರೆಯುವ ಪೇಂಟರ್. ಫ್ಲೆಕ್ಸ್ ಬೋರ್ಡುಗಳು ಇನ್ನೂ ನಮ್ಮ ಕಡೆ ಕಾಲಿಡದ ಆ ಕಾಲದಲ್ಲಿ, ಕೂಡ್ಲಿಗಿಯಿಂದ ಹಡಗಲಿಯವರೆಗೆ ರಸ್ತೆ ಬದಿಯ ಗೋಡೆಗಳ ಮೇಲೆ ಪಂಪ್‌ಸೆಟ್ಟು, ಬಿತ್ತನೆ ಬೀಜ, ಸಿಮೆಂಟು ಎಂದು ನೀವು ಏನೇನು ಓದುತ್ತಿದ್ದಿರೋ ಅದರಲ್ಲಿ ಅರ್ಧ ನನ್ನ ಕೈಬರಹ. ಹತ್ತು ಅಡಿ ಗೋಡೆಯಲ್ಲಿ ಹದಿನಾಲ್ಕು ಅಕ್ಷರ ಕೂರಿಸುವವನಿಗೆ ಒಂದು ದಿನದಲ್ಲಿ ಎರಡು ಕೆಲಸ ಕೂರಿಸುವುದು ಯಾವ ದೊಡ್ಡ ಮಾತು!

ಆ ಎರಡು ಕೆಲಸಗಳಲ್ಲಿ ಒಂದು ನನ್ನದು, ಒಂದು ನನ್ನ ಹೆಂಡತಿ ಹಾಲಮ್ಮನದು.

ನನ್ನದು ಹೀಗೆ. ಒಂದು ದಿನ ಮಂಡಕ್ಕಿ ಕಟ್ಟಿಕೊಟ್ಟ ಪೇಪರಿನಲ್ಲಿ ಒಂದು ಫೋಟೋ ನೋಡಿದೆ. ಮಂಗಳೂರಿನ ಯಾವುದೋ ಬೀದಿಯ ಉದ್ದನೆಯ ಗೋಡೆ, ಅದರ ತುಂಬಾ ಚಿತ್ರ. ಹುಲಿವೇಷದವರು, ದೋಣಿ, ತೆಂಗಿನ ಮರ, ಬಣ್ಣದ ಕಿರೀಟ. ಚಿತ್ರದ ಕೆಳಗೆ ಅಂಗಡಿಯ ಹೆಸರಿಲ್ಲ, ಫೋನ್ ನಂಬರಿಲ್ಲ, "ಇಂದೇ ಕೊಳ್ಳಿರಿ" ಇಲ್ಲ. ಏನನ್ನೂ ಮಾರದ ಗೋಡೆ! ಇಪ್ಪತ್ತು ವರ್ಷ ಗೋಡೆಗಳ ಜೊತೆ ಸಂಸಾರ ಮಾಡಿದ ನಾನು ಅಂಥ ಗೋಡೆಯನ್ನು ಕಣ್ಣಾರೆ ಕಂಡಿರಲಿಲ್ಲ. ಅದನ್ನು ನೋಡದೆ ಸತ್ತರೆ ಪೇಂಟರ್ ಜನ್ಮ ದಂಡ ಎನಿಸಿತು. ಮಂಡಕ್ಕಿ ಖಾಲಿಯಾದ ಮೇಲೂ ಪೇಪರನ್ನು ಬಿಡಲಿಲ್ಲ.

ಹಾಲಮ್ಮನದು ಇದಕ್ಕಿಂತ ಹಳೆಯದು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಒಂದೇ ಒಂದು, ಸಮುದ್ರ ತೋರಿಸಿ ಎಂದು. ಅದೂ ಅವಳ ಆಸೆ ಅರ್ಧ, ಇಟ್ಟಿಗಿಯಲ್ಲಿರುವ ಅವಳ ತಾಯಿಯದು ಅರ್ಧ. ನಮ್ಮ ಕಡೆ ಹೆಂಗಸರು ಹೊಳೆಗೆ ಬರಿಗೈಯಲ್ಲಿ ಹೋಗುವುದಿಲ್ಲ. ಗಂಗವ್ವನಿಗೆ ಅರಿಸಿನ ಕುಂಕುಮ ಹಚ್ಚಿ, ಕಣ ಎನ್ನುವ ಕುಬಸದ ಬಟ್ಟೆಯ ತುಂಡು, ಹಸಿರು ಬಳೆ, ತೆಂಗಿನಕಾಯಿ ನೀರಿಗೆ ಬಿಟ್ಟು ಉಡಿ ತುಂಬುತ್ತಾರೆ. ಎಲ್ಲಾ ಹೊಳೆಗಳೂ ಹೋಗಿ ಸೇರುವ ದೊಡ್ಡ ತಾಯಿಗೆ ಒಮ್ಮೆ ಉಡಿ ತುಂಬಬೇಕು ಎಂದು ಅತ್ತೆ ವಯಸ್ಸಿದ್ದಾಗಲೇ ಒಂದು ಹಸಿರು ಕಣ ತೆಗೆದಿಟ್ಟಿದ್ದರಂತೆ. ಈಗ ಮೊಣಕಾಲು ಹಿಡಿದು ಬಸ್ ಹತ್ತಲಾಗದೆ ಅದನ್ನು ಮಗಳ ಕೈಗೆ ಕೊಟ್ಟಿದ್ದರು. ಆ ಕಣ ನಮ್ಮ ಟ್ರಂಕಿನಲ್ಲಿ ಆರು ವರ್ಷದಿಂದ ಸಮುದ್ರಕ್ಕೆ ಕಾಯುತ್ತಿತ್ತು.

ಮಂಗಳೂರಿನಲ್ಲಿ ಗೋಡೆಯೂ ಇದೆ, ಸಮುದ್ರವೂ ಇದೆ. ಒಂದೇ ಕಲ್ಲಿಗೆ ಎರಡು ಹಕ್ಕಿ. ಬಿತ್ತನೆ ಸೀಸನ್ನಿನ ಗೋಡೆಗಳು ತಲೆಯ ಮೇಲಿದ್ದವು, ಆದ್ದರಿಂದ ಸಿಕ್ಕಿದ್ದು ಒಂದೇ ದಿನ. ರಾತ್ರಿ ಬಸ್ಸಿಗೆ ಹೋಗುವುದು, ಮರುದಿನ ಸಂಜೆ ಏಳೂವರೆ ಬಸ್ಸಿಗೆ ಹೊರಡುವುದು ಎಂದು ತೀರ್ಮಾನಿಸಿದೆ. ದಿನದ ಕಾರ್ಯಕ್ರಮವನ್ನು ಡ್ರಾಯಿಂಗ್ ಹಾಳೆಯ ಮೇಲೆ ಮೂರು ಬಣ್ಣದಲ್ಲಿ, ಅಕ್ಷರಕ್ಕೆ ನೆರಳು ಕೊಟ್ಟು, ಸುತ್ತಲೂ ಬಳ್ಳಿಯ ಬಾರ್ಡರ್ ಎಳೆದು ಬರೆದೆ. "೭ರಿಂದ ೧೧: ಬೀದಿಗೋಡೆ ಚಿತ್ರಕಲಾ ವೀಕ್ಷಣೆ. ೧೧ರಿಂದ ೧೨: ಭೋಜನ. ೧೨ರಿಂದ ೬: ಸಮುದ್ರ ದರ್ಶನ." ಬರೆಯಲು ಮೂರು ಸಂಜೆ ಹಿಡಿಯಿತು. ಯೋಚನೆ ಮಾಡಲು ಐದು ನಿಮಿಷ.

ಹಾಲಮ್ಮ ಹಾಳೆಯನ್ನು ಓದಿ ಸಮುದ್ರವನ್ನು ಮೊದಲು ಮುಗಿಸಿದರೆ ಹೇಗೆ ಎಂದಳು. ಬೆಳಗಿನ ಬಿಸಿಲಿನಲ್ಲೇ ಗೋಡೆಯ ಬಣ್ಣ ತಿಳಿಯುವುದು ಎಂದು ನಾನು ಶಾಸ್ತ್ರ ಹೇಳಿದೆ. ಅಷ್ಟೇ ಅಲ್ಲ, ಬಾರ್ಡರ್ ಎಳೆದಾಗಿತ್ತು. ಬಾರ್ಡರ್ ಎಳೆದ ಮೇಲೆ ಒಳಗಿನ ವಿಷಯ ಬದಲಿಸುವ ಪದ್ಧತಿ ನಮ್ಮ ವೃತ್ತಿಯಲ್ಲಿ ಇಲ್ಲ.

ಘಟ್ಟದಲ್ಲಿ ಒಂದು ಲಾರಿ ಅಡ್ಡ ನಿಂತಿದ್ದರಿಂದ ಏಳಕ್ಕೆ ಮುಟ್ಟಬೇಕಾದ ಬಸ್ಸು ಹತ್ತಕ್ಕೆ ಮುಟ್ಟಿತು. ಹಾಳೆಯ ಪ್ರಕಾರ ವೀಕ್ಷಣೆ ಮುಗಿಯಲು ಇನ್ನು ಒಂದೇ ತಾಸು. ಗೋಡೆ ಎಲ್ಲಿ ಎಂದು ಕೇಳಿದರೆ ಊರಿನವರಿಗೇ ಗೊತ್ತಿಲ್ಲ. ಪೇಪರಿನ ಫೋಟೋ ತೋರಿಸಿದರೆ ಒಬ್ಬರು ಮೀನು ಮಾರ್ಕೆಟ್ಟಿನ ದಾರಿ ಹೇಳಿದರು, ಇನ್ನೊಬ್ಬರು ಕೋರ್ಟಿನ ದಾರಿ ಹೇಳಿದರು. ಹಾಲಮ್ಮ ಒಂದು ಕೈಯಲ್ಲಿ ರೊಟ್ಟಿ ಗಂಟು, ಇನ್ನೊಂದು ಕೈಯಲ್ಲಿ ಉಡಿಯ ಚೀಲ ಹಿಡಿದು, ಬೆವರು ಒರೆಸಿಕೊಳ್ಳಲು ಮೂರನೆಯ ಕೈಯಿಲ್ಲದೆ ನನ್ನ ಹಿಂದೆ ನಡೆದಳು. ಹನ್ನೊಂದೂವರೆಗೆ ಗೋಡೆ ಸಿಕ್ಕಿತು.

ಏನು ಗೋಡೆ ಅದು! ನೋಡಿ ನನ್ನ ಕಣ್ಣು ತುಂಬಿದ್ದು ಸುಳ್ಳಲ್ಲ. ಸುಮ್ಮನೆ ನೋಡಿ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಗೋಡೆಯ ಕೊನೆಯ ತುಂಡು ಇನ್ನೂ ಮುಗಿದಿರಲಿಲ್ಲ. ಒಬ್ಬ ಡ್ರಾಯಿಂಗ್ ಮೇಡಂ ಮತ್ತು ಅವರ ನಾಲ್ಕು ಜನ ಕಾಲೇಜು ವಿದ್ಯಾರ್ಥಿನಿಯರು ಅಲ್ಲಿ ಮೇಲಿನ ಬಾರ್ಡರ್ ಎಳೆಯುತ್ತಿದ್ದರು. ಕೈಯಂದಾಜಿನಲ್ಲಿ! ಗೆರೆ ಎಡಗಡೆ ಹುಟ್ಟಿ ಬಲಗಡೆಗೆ ಹೋಗುವಷ್ಟರಲ್ಲಿ ನಾಲ್ಕು ಬೆರಳು ಇಳಿದಿತ್ತು. ವೈದ್ಯನ ಎದುರಿಗೆ ಯಾರಾದರೂ ಕೆಮ್ಮಿದರೆ ಅವನು ಸುಮ್ಮನೆ ಇರಬಲ್ಲನೇ? ನನ್ನ ಚೀಲದಲ್ಲಿ ನಾಲ್ಕು ಬ್ರಷ್ಷು, ನೀಲಿಪುಡಿ, ದಾರದ ಉಂಡೆ ಯಾವಾಗಲೂ ಇರುತ್ತವೆ. ಮದುವೆ ಮನೆಗೆ ಹೋದರೂ ಇರುತ್ತವೆ.

ದಾರಕ್ಕೆ ನೀಲಿಪುಡಿ ಮೆತ್ತಿ, ಎರಡೂ ತುದಿಯನ್ನು ಗೋಡೆಗೆ ಒತ್ತಿ ಹಿಡಿದು, ನಡುವೆ ಎಳೆದು ಫಟ್ ಎಂದು ಬಿಟ್ಟರೆ ಎಷ್ಟು ಉದ್ದದ ಗೆರೆಯಾದರೂ ನೇರವಾಗಿ ಬೀಳುತ್ತದೆ. ಇದಕ್ಕೆ ಇಬ್ಬರು ಬೇಕು. ಹನ್ನೊಂದು ವರ್ಷದಿಂದ ನನ್ನ ದಾರದ ಇನ್ನೊಂದು ತುದಿ ಹಿಡಿದವಳು ಹಾಲಮ್ಮ. ನಾನು ತುದಿ ಚಾಚಿದೆ. ಅವಳು ಗಂಟು ಕೆಳಗಿಟ್ಟು, ಸೆರಗು ಸಿಕ್ಕಿಸಿ ಹಿಡಿದಳು. ಫಟ್! ಮೇಡಂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಎನ್ನುವುದು ಕೆಟ್ಟದ್ದು. ನಮ್ಮ ಸೀಮೆಯಲ್ಲಿ ಗೋಡೆ ಬರೆದವನಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಸುಣ್ಣ ಉದುರಿಸಿದ್ದಕ್ಕೆ ಬೈಯುತ್ತಾರೆ. ಆ ಒಂದು ಚಪ್ಪಾಳೆಗೆ ನಾನು ಮೂವತ್ತು ಗೆರೆ ಹೊಡೆದೆ. ಮೂವತ್ತಕ್ಕೂ ಹಾಲಮ್ಮ ತುದಿ ಹಿಡಿದಳು. ಮೂಗು, ಹಣೆ, ಬಳೆ ಎಲ್ಲವೂ ನೀಲಿ.

ಎರಡು ಗಂಟೆಗೆ ರೊಟ್ಟಿ, ಶೇಂಗಾ ಚಟ್ನಿ ಎಲ್ಲರೂ ಹಂಚಿಕೊಂಡು ತಿಂದೆವು. ಮೇಡಂ ಮರ್ಯಾದೆಗೆ ಎಂಬಂತೆ, ಮೂಲೆಯಲ್ಲಿ ಎಂಟು ಅಡಿ ಖಾಲಿ ಇದೆ, ಅಲ್ಲಿ ಸಮುದ್ರ ಬರಬೇಕು, ನೀವೇ ಬರೆಯುತ್ತೀರಾ ಎಂದು ಕೇಳಿದರು. ಹಾಲಮ್ಮ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಎರಡು ತಾಸು ಮೈಮರೆತು ಬರೆದೆ. ತಿಳಿನೀಲಿಯ ಅಲುಗದ ನೀರು, ಕೆಳಗೆ ಕಲ್ಲಿನ ಏರಿ, ಇಳಿಯಲು ಐದು ಮೆಟ್ಟಿಲು, ನಡುವೆ ನಾಲ್ಕು ತಾವರೆ. ಶೋಭೆಗೆ ಇರಲಿ ಎಂದು ದೂರದಲ್ಲಿ ಒಂದು ಎಮ್ಮೆಯ ಬೆನ್ನು. ಕೆಳಗೆ ಸಹಿ ಹಾಕಿ ಹಿಂದೆ ಸರಿದು ನಿಂತಾಗ, ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಒಬ್ಬ ಹೆಂಗಸು ನಿಂತು ನೋಡಿ, ಇದು ಯಾವ ಊರಿನ ಕೆರೆ ಎಂದು ಕೇಳಿ ಹೋದಳು. ವಿದ್ಯಾರ್ಥಿನಿಯರು ಬಣ್ಣದ ಡಬ್ಬಿಗಳ ಕಡೆ ತಿರುಗಿಕೊಂಡರು. ಮೇಡಂ ಮಾತ್ರ ಬಹಳ ಮೃದುವಾಗಿ ಕೇಳಿದರು.

"ಚಂದ ಉಂಟು ಮಾರಾಯ್ರೆ. ಆದ್ರೆ ನೀವು ಸಮುದ್ರ ನೋಡಿದ್ದೀರಾ?"

ನನಗಿಂತ ಮುಂಚೆ ಹಾಲಮ್ಮ ಉತ್ತರ ಕೊಟ್ಟಳು. "ಅದನ್ನ ನೋಡಾಕಂತನ ಬಂದೀವ್ರಿ ಮೇಡಂ. ಮುಂಜಾನಿಂದ ಗ್ವಾಡಿ ನೋಡಾಕತ್ತೀವಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಆರು ವರ್ಷ ಟ್ರಂಕಿನಲ್ಲಿ ಕಾದ ಕಣ ವಾಪಸ್ ಟ್ರಂಕಿಗೇ ಹೋಗುತ್ತದೆ ಎಂಬುದು ಆಗ ನನ್ನ ತಲೆಗೆ ಹೊಕ್ಕಿತು. ಇಟ್ಟಿಗಿಗೆ ಹೋಗಿ ಅತ್ತೆಗೆ ಏನು ಹೇಳಲಿ? ತಾವರೆ ಬರೆಯುತ್ತಿದ್ದೆ ಎಂದೇ?

ಓಡಿದೆವು. ಬಸ್ ಸ್ಟಾಪಿನಲ್ಲಿ ಸಾಲಾಗಿ ಬಸ್ಸುಗಳು ಬರುತ್ತಿದ್ದವು. ಒಂದರ ಬೋರ್ಡನ್ನು ಬಹಳ ಮುದ್ದಾಗಿ ಬರೆದಿದ್ದರು. ಹಳದಿ ಮೇಲೆ ಕೆಂಪು, ಒತ್ತಕ್ಷರಕ್ಕೂ ನೆರಳು. ಹತ್ತಿದೆವು. ಅಕ್ಷರದ ಬಾಗು ಬಳುಕು ಎಲ್ಲವನ್ನೂ ನೋಡಿದ ನಾನು, ಅದರಲ್ಲಿ ಬರೆದ ಊರು ಯಾವುದು ಎಂದು ಮಾತ್ರ ನೋಡಿರಲಿಲ್ಲ. ಅರ್ಧ ತಾಸಿನ ಮೇಲೆ ಬಸ್ಸು ಒಂದು ಗುಡ್ಡ ಹತ್ತಿ ನಿಂತಿತು. ಸಮುದ್ರ ಎಲ್ಲಿ ಎಂದು ಕೇಳಿದರೆ ಕಂಡಕ್ಟರು ನಾವು ಬಂದ ದಿಕ್ಕಿಗೆ ಕೈ ತೋರಿಸಿದ. ಹಾಲಮ್ಮ ಅಲ್ಲಿಂದ ಮುಂದೆ ನನ್ನನ್ನು ಏನೂ ಕೇಳಲಿಲ್ಲ. ತಾನೇ ಇಳಿದು, ತಾನೇ ನಾಲ್ಕು ಜನರನ್ನು ವಿಚಾರಿಸಿ, ತಾನೇ ಆಟೋ ನಿಲ್ಲಿಸಿದಳು. ಮುಕ್ಕಾಲು ತಾಸಿನಲ್ಲಿ ಮುಟ್ಟಿದೆವು. ಅವಳು ಬೆಳಿಗ್ಗೆಯೇ ಹೀಗೆ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಸಮುದ್ರ ಕಂಡ ಕೂಡಲೇ ಹಾಲಮ್ಮ ನಿಂತುಬಿಟ್ಟಳು. ದೂರದಲ್ಲಿ ನೀರು ಆಕಾಶಕ್ಕೆ ಕೂಡುವ ಅಂಚನ್ನೇ ನೋಡಿದಳು. ಆಮೇಲೆ ಮೆಲ್ಲಗೆ, "ಇಷ್ಟು ಉದ್ದದ ಗೆರಿಗೆ ದಾರ ಯಾರು ಹಿಡಿದ್ರೋ ಏನೋ," ಎಂದಳು. ನನಗೆ ನಾಚಿಕೆಯಾಯಿತು. ನಾನು ನೀರನ್ನು ನೋಡುತ್ತಾ ನನ್ನ ತಾವರೆ, ಮೆಟ್ಟಿಲು, ಎಮ್ಮೆಯನ್ನು ನೆನೆಯುತ್ತಿದ್ದೆ. ಇಷ್ಟು ಒದ್ದಾಡುವ ನೀರನ್ನು ನಾನು ಅಲ್ಲಾಡದಂತೆ ಕೂರಿಸಿ ಬಂದಿದ್ದೆ.

ಹೊತ್ತು ಮುಳುಗಲು ಸ್ವಲ್ಪವೇ ಉಳಿದಿತ್ತು. ನಮ್ಮೂರ ಕೆರೆಯಲ್ಲಿ ಮಾಡುವಂತೆ ಚಪ್ಪಲಿಗಳನ್ನೂ ನನ್ನ ಚೀಲವನ್ನೂ ನೀರಿನಿಂದ ಎರಡು ಮಾರು ದೂರದಲ್ಲಿ ಒಣ ಮರಳಿನ ಮೇಲೆ ಇಟ್ಟೆ. ಕೆರೆಯ ನೀರು ಬೆಳಿಗ್ಗೆ ಎಲ್ಲಿರುತ್ತದೋ ಸಂಜೆಯೂ ಅಲ್ಲೇ ಇರುತ್ತದೆ. ಅದು ದಂಡೆಗೆ ಎದ್ದು ಬಂದದ್ದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ.

ಹಾಲಮ್ಮ ಮೊಣಕಾಲು ನೀರಿಗೆ ಇಳಿದು ಅರಿಸಿನ ಕುಂಕುಮ ಬಿಟ್ಟಳು. ತಾಯಿಯ ಹೆಸರು ಹೇಳಿ, ಹಸಿರು ಕಣದಲ್ಲಿ ಬಳೆ ಮತ್ತು ತೆಂಗಿನಕಾಯಿ ಸುತ್ತಿ ನೀರಿನ ಮೇಲೆ ಇಟ್ಟಳು. ಹೊಳೆಯಲ್ಲಾದರೆ ಬಿಟ್ಟದ್ದು ಹೋಗುತ್ತದೆ. ಇಲ್ಲಿ ಒಂದು ತೆರೆ ಬಂದು ಗಂಟನ್ನು ಅವಳ ಕಾಲ ಬಳಿಗೇ ತಂದಿಟ್ಟಿತು. ಮತ್ತೆ ಬಿಟ್ಟಳು. ಮತ್ತೆ ಬಂತು. ಮೂರನೆಯ ಸಲ ನಾನು ಪೌರುಷ ತೋರಿಸಿ ದೂರಕ್ಕೆ ಎಸೆದೆ. ಅದು ಇನ್ನೂ ವೇಗವಾಗಿ ಬಂತು, ಕಾಯಿ ನನ್ನ ಮೊಣಕಾಲಿಗೆ ಬಡಿಯಿತು. ಹಾಲಮ್ಮನ ಮುಖ ಸಣ್ಣದಾಯಿತು.

"ತಾಯಿ ಒಲ್ಲೆ ಅಂತಾಳ ನೋಡ್ರಿ," ಎಂದಳು. "ಇಷ್ಟು ತಡ ಮಾಡಿ ಬಂದ್ರ ಯಾರು ತಗೋತಾರ?"

ಅವಳು ಅಳುತ್ತಿದ್ದಳು. ತಪ್ಪು ನನ್ನದು, ಶಿಕ್ಷೆ ಈಕೆಗೆ ಬೇಡ ಎಂದು ನಾನು ಸಮುದ್ರಕ್ಕೆ ಕೈ ಮುಗಿದೆ. ಬಾಯಿಬಿಟ್ಟೇ ಹೇಳಿದೆ. ಏನು ಬೇಕಾದರೂ ನನ್ನಿಂದ ತೆಗೆದುಕೋ, ಆ ಮುದುಕಿಯ ಕಣ ಒಂದು ಸ್ವೀಕರಿಸು ಎಂದೆ.

ಹಾಲಮ್ಮ ನಾಲ್ಕನೆಯ ಸಲ ಬಿಟ್ಟಳು. ತೆರೆ ಹಿಂದೆ ಸರಿಯುವ ಹೊತ್ತಿಗೆ ಬಿಟ್ಟಿದ್ದಳೋ ಏನೋ, ಗಂಟು ಒಳಗೆ ಹೋಯಿತು. ಹಸಿರು ಒಂದು ಸಲ ಮೇಲೆದ್ದು ಕಾಣಿಸಿತು, ಮತ್ತೆ ಕಾಣಲಿಲ್ಲ. ಹಾಲಮ್ಮ ಕಣ್ಣೀರಿನಲ್ಲೇ ನಕ್ಕಳು. ಮೂಗಿನ ಮೇಲಿನ ನೀಲಿ ಇನ್ನೂ ಹೋಗಿರಲಿಲ್ಲ. ಆ ನಗುವನ್ನು ನೋಡಿ ನಾನು ಜಯಭೇರಿ ಹೊಡೆದವನಂತೆ ದಂಡೆಯ ಕಡೆ ತಿರುಗಿದೆ. ದಂಡೆ ಖಾಲಿ! ಒಣ ಮರಳು ಇದ್ದ ಜಾಗದಲ್ಲಿ ನೀರು. ನನ್ನ ಚೀಲ ಇಲ್ಲ. ನಾಲ್ಕು ಬ್ರಷ್ಷು, ದಾರದ ಉಂಡೆ, ಮೂರು ಬಣ್ಣದ ಕಾರ್ಯಕ್ರಮ ಪಟ್ಟಿ ಇಲ್ಲ. ಹಾಲಮ್ಮನ ಚಪ್ಪಲಿಗಳು ಒಂದರ ಪಕ್ಕ ಒಂದು ಹೇಗೆ ಇಟ್ಟಿದ್ದೆನೋ ಹಾಗೇ ಮರಳಿನಲ್ಲಿ ಹೂತು ಕೂತಿದ್ದವು. ನನ್ನವು ಎರಡೂ ತೆರೆಯ ಆಚೆ ತೇಲುತ್ತಿದ್ದವು. ನಾನು ಎಡಗಾಲಿನದರ ಹಿಂದೆ ಸೊಂಟದ ನೀರಿನವರೆಗೆ ಓಡಿದೆ. ಅದು ತಿರುಗಿಯೂ ನೋಡಲಿಲ್ಲ.

ಪುಣ್ಯಕ್ಕೆ ಬಸ್ಸಿನ ದುಡ್ಡು ಅಂಗಿಯ ಒಳಜೇಬಿನಲ್ಲಿತ್ತು. ಏಳೂವರೆ ಬಸ್ಸನ್ನು ಬರಿಗಾಲಿನಲ್ಲಿ, ಒದ್ದೆ ಪಂಚೆಯಲ್ಲಿ ಹತ್ತಿದೆ. ಹತ್ತುವಾಗ ಬೋರ್ಡನ್ನು ಹಾಲಮ್ಮ ಓದಿದಳು.

ಮುಂದಿನ ವಾರ ಇಟ್ಟಿಗಿಗೆ ಹೋದೆವು. ಅತ್ತೆ ಕಟ್ಟೆಯ ಮೇಲೆ ಮೊಣಕಾಲು ನೀಡಿ ಕೂತು, ಮುಟ್ಟಿತೇನವ್ವ ಎಂದು ಒಂದೇ ಮಾತು ಕೇಳಿದರು. ಹಾಲಮ್ಮ ಗೋಡೆಯ ಸುದ್ದಿ ಎತ್ತಲಿಲ್ಲ, ಗುಡ್ಡದ ಸುದ್ದಿ ಎತ್ತಲಿಲ್ಲ. ತಾಯಿಯ ಕೈ ಹಿಡಿದುಕೊಂಡು ಹೇಳಿದಳು.

"ಮುಟ್ಟಿತವ್ವ. ನಿನ್ನ ಕಣ ನಾಕನೇ ಸಲಕ್ಕ ತಗೊಂಡ್ಲು. ನಿನ್ನ ಅಳಿಯನ ಚಪ್ಪಲಿ ಮೊದಲನೇ ಸಲಕ್ಕ."

ಅತ್ತೆ ಕಣ್ಣಿಗೆ ಸೆರಗು ಒತ್ತಿಕೊಂಡು ಅತ್ತರು, ಆಮೇಲೆ ನಕ್ಕರು, ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿದರು. ಅಂದಿನಿಂದ ನಾನು ಇಟ್ಟಿಗಿಗೆ ಹೋದಾಗಲೆಲ್ಲ ಅತ್ತೆ, ಬಾಗಿಲಲ್ಲಿ ಬಿಟ್ಟ ನನ್ನ ಚಪ್ಪಲಿಗಳನ್ನು ಯಾರಿಗಾದರೂ ಹೇಳಿ ಎತ್ತರದ ಕಟ್ಟೆಯ ಮೇಲೆ ಇಡಿಸುತ್ತಾರೆ. ಆ ಓಣಿಯಲ್ಲಿರುವ ನೀರೆಂದರೆ ತುದಿಯಲ್ಲಿರುವ ಒಂದು ಕೈಪಂಪು. ಅದನ್ನೂ ಇಬ್ಬರು ಸೇರಿ ಜಗ್ಗಬೇಕು.