ಪದ್ದಜ್ಜಿಯ ಬಾವಿ ಮೇಲೆ ಬಂದದ್ದು

ನನ್ನದೊಂದು ಕೆಟ್ಟ ಬುದ್ಧಿ ಇದೆ, ಮೊದಲೇ ಹೇಳಿಬಿಡ್ತೇನೆ. ಯಾರಾದ್ರೂ ಕಂಪ್ಯೂಟರ್ ಮುಂದೆ ತಲೆ ಕೆರ್ಕೊಂಡ್ರೆ ಸಾಕು, ಅವರನ್ನ ಎಬ್ಬಿಸಿ ಕುರ್ಚಿ ಹಿಡೀತೇನೆ. ಓದ್ತಿರೋದು ಡಿಪ್ಲೊಮಾ ಎರಡನೇ ವರ್ಷ, ಅಷ್ಟೇ. ಆದ್ರೆ ರಜೆಯಲ್ಲಿ ಹಾಲಾಡಿ ಪೇಟೆಯ ನಮ್ಮ ಚಿಕ್ಕಮ್ಮನ ಪ್ಲಾನ್ ಆಫೀಸಿಗೆ ಹೋಗೋಕೆ ಶುರು ಮಾಡಿದ ನಾಲ್ಕನೇ ದಿನಕ್ಕೇ, ಇಷ್ಟು ವರ್ಷ ಚಿಕ್ಕಮ್ಮ ಮನೆ ಪ್ಲಾನ್ ಬರ್ದದ್ದೆಲ್ಲ ನನ್ನ ಅಪ್ಪಣೆ ತಗೊಂಡೇ ಅನ್ನೋ ಹಾಗೆ ಮಾತಾಡ್ತಿದ್ದೆ.

ಚಿಕ್ಕಮ್ಮ ನಂಗೆ ಕೊಟ್ಟದ್ದು ಸಿದ್ದಾಪುರದ ಪದ್ದಜ್ಜಿಯ ಹೊಸ ಮನೆ ಪ್ಲಾನು. ಕೆಲಸ ಎರಡೇ. ಕಾರು ನಿಲ್ಲಿಸೋ ಶೆಡ್ಡನ್ನ ಎರಡಡಿ ಉದ್ದ ಮಾಡೋದು, ಆಮೇಲೆ ಎಲ್ಲದಕ್ಕೂ ಬಣ್ಣ ತುಂಬೋದು. ಪದ್ದಜ್ಜಿ ಹೊಸ ಮನೆಗೆ ಒಪ್ಪಿದ್ದೇ ಒಂದು ಶರತ್ತಿನ ಮೇಲೆ: ಮದುವೆಯಾಗಿ ಬಂದ ದಿನದಿಂದ ತಾನು ನೀರು ಸೇದಿದ ಬಾವಿಯನ್ನ ಮುಚ್ಚಬಾರದು. ಮಗ ಶೀನಣ್ಣಂಗೆ ಹೊಸ ಕಾರಿನ ಮೇಲೆ ಬಾವಿಗಿಂತ ಆಳದ ಪ್ರೀತಿ. ಬೋರ್‌ವೆಲ್ ಇದೆಯಲ್ಲ, ಬಾವಿ ಮುಚ್ಚಿದ್ರೆ ಶೆಡ್ಡಿಗೆ ಜಾಗ ಆಗ್ತದೆ ಅಂತ ವಾದ ಮಾಡಿ ಮಾಡಿ, ಕೊನೆಗೆ ಸೋತು, ಆಯ್ತು ಅಂದಿದ್ರು.

ಶೆಡ್ಡಿಗೆ ನಾನು ಹಾಕಿದ ಕೆಂಪು ಹೇಗಿತ್ತು ಅಂದ್ರೆ, ಮರವಂತೆ ಕಡಲಲ್ಲಿ ಮುಳುಗೋ ಸೂರ್ಯ ನೋಡಿದ್ರೆ ನಾಚ್ಕೊಂಡು ಬೇಗ ಮುಳುಗ್ತಿದ್ದ. ಆದ್ರೆ ಈ ಸಾಫ್ಟ್‌ವೇರಿನದ್ದೊಂದು ಗುಣ. ಕಡೆಗೆ ಹಾಕಿದ್ದು ಎಲ್ಲದರ ಮೇಲೆ ಕಂಬಳಿ ಹಾಗೆ ಕೂತ್ಕೊಳ್ತದೆ. ನನ್ನ ಕೆಂಪು ಬಾವಿಯ ಮೇಲೂ ಕೂತಿತು. ನಾನು ನೋಡ್ಲಿಲ್ಲ. ಪ್ರಿಂಟ್ ತೆಗೆದು, ಸುರುಳಿ ಸುತ್ತಿ, ಸನ್ಮಾನಪತ್ರ ಕೊಟ್ಟ ಹಾಗೆ ಶೀನಣ್ಣನ ಕೈಗೆ ಕೊಟ್ಟೆ.

ಮರುದಿನ ಮೊದಲ ಬಸ್ಸಿಗೇ ಪದ್ದಜ್ಜಿ ಬಂದಿಳಿದ್ರು. ಹಿಂದೆ ಶೀನಣ್ಣ, ಬಾಡಿದ ಬಸಳೆ ಹಾಗೆ. ಹಿಂದಿನ ಸಂಜೆಯಿಂದ ಅಜ್ಜಿ ಮಗನ ಹತ್ರ ಮಾತೇ ಬಿಟ್ಟಿದ್ರಂತೆ. ಕಾರಲ್ಲಿ ಬನ್ನಿ ಅಂದ್ರೂ ಹತ್ತಿರಲಿಲ್ಲವಂತೆ. ಅಜ್ಜಿ ಪ್ಲಾನನ್ನ ಮೇಜಿನ ಮೇಲೆ ಹರಡಿ ನನ್ನನ್ನೇ ನೋಡಿದ್ರು.

"ಹೆಣ್ಣೆ, ನನ್ ಬಾವಿ ಎಲ್ಲ್ ಹೋಯ್ತ್?"

ನಾನು ನಕ್ಕು, ಬಾವಿ ಎಲ್ಲೂ ಹೋಗ್ಲಿಲ್ಲ, ಬಣ್ಣದ ಅಡಿಗಿದೆ, ಕಾಣೋದಿಲ್ಲ ಅಷ್ಟೇ ಅಂತ ವಿವರಿಸಿದೆ.

"ಬಾವಿ ಮುಚ್ಚೂದಂದ್ರೂ ಅದೇ ಅಲ್ದಾ?" ಅಂದ್ರು ಅಜ್ಜಿ. "ಅಡಿಗ್ ಇರತ್ತ್. ಕಾಂತಿಲ್ಲ."

ನಾನು ಕುರ್ಚಿ ಎಳ್ಕೊಂಡು ಕೂತೆ. ಬೆನ್ನ ಹಿಂದೆ ಮೂರು ತಲೆ. ಕೆಂಪನ್ನ ಒತ್ತಿ ಹಿಡಿದು, ಎಲ್ಲಕ್ಕಿಂತ ಹಿಂದಕ್ಕೆ ಹೋಗು ಅಂತ ಆಜ್ಞೆ ಕೊಟ್ಟೆ. ಅದು ಅಡಿಗೆ ಜಾರಿತು, ಬಾವಿ ದುಂಡಗೆ ಮೇಲೆ ಬಂತು. ಚಪ್ಪಾಳೆ ಸ್ವೀಕರಿಸೋಕೆ ತಿರುಗಿದೆ. ಯಾರೂ ತಟ್ಲಿಲ್ಲ. ಬಾವಿಯ ಜೊತೆ ಇನ್ನೊಂದೂ ಮೇಲೆ ಬಂದಿತ್ತು: ನಾನು ಎರಡಡಿ ಎಳೆದಿದ್ದ ಶೆಡ್ಡಿನ ಕಂಬ. ಅದು ಸರಿಯಾಗಿ ಬಾವಿಯ ಒಳಗೇ ನಿಂತಿತ್ತು, ನೀರು ಸೇದೋಕೆ ಇಳಿದ ಹಾಗೆ.

ಚಿಕ್ಕಮ್ಮ ನನ್ನನ್ನ ನೋಡಿದ್ರು. ಬೈಗುಳಾದ್ರೆ ಒಂದು ಗಂಟೇಲಿ ಮುಗೀತದೆ. ಆ ನೋಟ ಇನ್ನೂ ಮುಗಿದಿಲ್ಲ. ಆಮೇಲೆ ತಾವೇ ಕೂತು ಶೆಡ್ಡನ್ನ ಮನೆಯ ಇನ್ನೊಂದು ಬದಿಗೆ ಹಾಕಿದ್ರು. ಹೋಗುವಾಗ ಅಜ್ಜಿ ಮಗನಿಗೆ, "ಬಾ ಮಗಾ, ಕಾಪಿ ಕುಡ್ದ್ ಹೋಪ" ಅಂದ್ರು. ಶೀನಣ್ಣನ ಮುಖ ನೋಡ್ಬೇಕಿತ್ತು, ಬಸಳೆಗೆ ನೀರು ಬಿದ್ದಿತ್ತು.

ಇಷ್ಟಕ್ಕೇ ಮುಗಿದಿದ್ರೆ ಚೆನ್ನಾಗಿತ್ತು. ಕಂಬವನ್ನ ಬಾವಿಗೆ ಇಳಿಸಿದ್ದೂ ನಾನೇ ಅನ್ನೋದು ಅಜ್ಜಿಗೆ ಗೊತ್ತೇ ಆಗ್ಲಿಲ್ಲ. ಕಾಗದದ ಅಡಿಗೆ ಹೂತುಹೋದದ್ದನ್ನೆಲ್ಲ ಆ ಹುಡುಗಿ ಒಂದು ಬೆರಳಲ್ಲಿ ಎಬ್ಬಿಸ್ತಾಳೆ ಅಂತ ಊರಿಡೀ ಹೇಳ್ಕೊಂಡು ಬಂದಿದಾರೆ. ನಿನ್ನೆ ಕೊಕ್ಕರ್ಣೆಯಿಂದ ಒಬ್ರು ಹಿರಿಯರು ಹಳೇ ನಕ್ಷೆ ಹಿಡ್ಕೊಂಡು ಬಂದ್ರು. ಪಕ್ಕದ ಮನೆಯವರ ಗದ್ದೆ ಅಡಿಗೆ ತಮ್ಮ ಕಾಲುದಾರಿ ಸಿಕ್ಕಿಬಿದ್ದಿದೆಯಂತೆ, ಸ್ವಲ್ಪ ಮೇಲೆ ತಂದುಕೊಡ್ಬೇಕಂತೆ.

ಚಿಕ್ಕಮ್ಮ ಮತ್ತೆ ಅದೇ ನೋಟ ನೋಡಿದ್ರು. ನಾನು ಎದ್ದು ನಿಂತು, ನಂಗೆ ಕಂಪ್ಯೂಟರ್ ಬರೋದಿಲ್ಲ ಅಂದುಬಿಟ್ಟೆ.