ಬಲಗಾಲಿನ ಬೂಟು

ಎಲ್ಲಾ ಶುರುವಾಗಿದ್ದು ಕ್ಲಬ್ಬಿನ ಡ್ರೈವರನ ಸೊಂಟದಿಂದ. ಗಾಲ್ಫ್ ಟೂರ್ನಮೆಂಟಿನ ದಿನ ಬೆಳಿಗ್ಗೆ ಬಕೆಟ್ ಎತ್ತಲು ಬಗ್ಗಿದವನು ಹಾಗೇ ಉಳಿದುಬಿಟ್ಟ. ಭಾಷಣದ ಅತಿಥಿಯನ್ನು ಕರೆತರಲು ಕಾರು ಓಡಿಸಬಲ್ಲವರು ಇನ್ಯಾರಿದ್ದಾರೆ ಅಂತ ಹುಡುಕಿದರೆ ಸಿಕ್ಕಿದ್ದು ಬೂಟಣ್ಣ ಒಬ್ಬನೇ.

ಬೂಟಣ್ಣ ಅನ್ನೋದು ಮೆಂಬರುಗಳು ಇಟ್ಟ ಹೆಸರು. ಹನ್ನೊಂದು ವರ್ಷದಿಂದ ಕಿಟಕಿಯಿಲ್ಲದ ಬೂಟ್ ರೂಮಿನಲ್ಲಿ ಕೂತು, ಆಟ ಮುಗಿಸಿ ಬಂದವರ ಬೂಟುಗಳ ಮಣ್ಣು ಕೆರೆದು, ಪಾಲಿಶ್ ಹಾಕಿ, ನಂಬರಿನ ಗೂಡಿಗೆ ಸೇರಿಸೋದು ಅವನ ಕೆಲಸ. ಪಾಪ, ಅವನಿಗಿದ್ದದ್ದು ಒಂದೇ ಆಸೆ, ಮುಂಬಾಗಿಲ ಕೌಂಟರು. ಅಲ್ಲಿ ಫ್ಯಾನಿದೆ, ಕಿಟಕಿಯಿದೆ, ಮುಖ್ಯವಾಗಿ ಯಾರ ಸಾಕ್ಸೂ ಇಲ್ಲ.

“ಇವತ್ತೊಂದು ದಿನ ಎಡವಟ್ಟು ಮಾಡದೆ ಅತಿಥಿಗಳನ್ನ ನೋಡ್ಕೊ. ಸೋಮವಾರದಿಂದ ಕೌಂಟರು ನಿಂದೇ,” ಅಂದರು ಕ್ಲಬ್ಬಿನ ಅಧ್ಯಕ್ಷರು. ಬೂಟಣ್ಣ ತಕ್ಷಣ ಹೆಂಡತಿಗೆ ಫೋನ್ ಮಾಡಿದ. ಅವಳು ಐದೇ ನಿಮಿಷದಲ್ಲಿ ಇಡೀ ಬೀದಿಗೆ ಹೇಳಿ ಮುಗಿಸಿದಳು.

ಹೊರಡುವಾಗ ಕ್ಯಾಂಟೀನಿನ ಅಡುಗೆಯವನು ಕಾರಿಗೆ ಅಡ್ಡ ನಿಂತು ಬುದ್ಧಿ ಹೇಳಿದ. “ದೊಡ್ಡವರ ಪಕ್ಕ ಮೂಗನ ಹಾಗೆ ಕೂರ್ಬೇಡ ಕಣೋ. ಅವರೊಂದು ಹೇಳಿದ್ರೆ ನೀನೊಂದು ಹೇಳು. ಇಲ್ದಿದ್ರೆ ಜಂಬ ಅಂದ್ಕೋತಾರೆ.”

ಅತಿಥಿಗಳು ನಿವೃತ್ತ ಹಲ್ಲಿನ ಡಾಕ್ಟರು. ಈಗ ಊರೂರು ತಿರುಗಿ ನಗೆಭಾಷಣ ಮಾಡುವವರು. ಕಾರು ಹತ್ತಿದ್ದೇ ತಡ, ಶುರು ಹಚ್ಚಿಕೊಂಡರು. ಅವರ ಕ್ಲಿನಿಕ್ಕಿಗೆ ಒಬ್ಬ ಕುರ್ಚಿ ರಿಪೇರಿಗೆ ಬಂದಿದ್ದನಂತೆ. ಸರಿಹೋಯಿತೋ ಇಲ್ಲವೋ ನೋಡೋಣ ಅಂತ ಒರಗಿ ಕೂತನಂತೆ. ಇವರು ಒಳಗೆ ಬಂದವರೇ ಅವನ ದವಡೆ ಹಲ್ಲು ಕಿತ್ತು ಕೈಗಿಟ್ಟರಂತೆ! ಇನ್ನೊಂದು ಸಲ ಅತ್ತೆಗೆ ಕೈಯಾರೆ ಹಲ್ಲುಸೆಟ್ ಮಾಡಿಕೊಟ್ಟರೆ, ಆಯಮ್ಮ ಅದನ್ನು ಹಾಕಿಕೊಂಡು ಮೊದಲು ಬೈದದ್ದು ಇವರನ್ನೇ ಅಂತೆ. ಬೂಟಣ್ಣ ನಕ್ಕೂ ನಕ್ಕೂ ಎರಡು ಸಲ ದಾರಿ ತಪ್ಪಿದ.

ಏಳು ಕತೆ ಕೇಳಿದ ಮೇಲೆ ಅಡುಗೆಯವನ ಮಾತು ನೆನಪಾಯಿತು. ಬೂಟಣ್ಣನೂ ಒಂದು ಬಿಟ್ಟ.

“ನಮ್ಮ ಅಧ್ಯಕ್ಷರದ್ದೊಂದು ಇದೆ ಸರ್. ಎಲ್ಲರ ಬೂಟೂ ತಳ ಸವೆಯುತ್ತೆ. ಅವರದ್ದು ಬಲಗಾಲಿನ ತುದಿ ಮಾತ್ರ ಸವೆಯುತ್ತೆ, ಮೇಲೆ ಹಸಿರು ಕಲೆ ಬೇರೆ. ಯಾಕೆ ಹೇಳಿ? ಪೊದೆಗೆ ಬಿದ್ದ ಚೆಂಡನ್ನ ಯಾರೂ ನೋಡದಾಗ ಮೆಲ್ಲಗೆ ಒದ್ದು ಈಚೆ ತರ್ತಾರೆ! ನಾಲ್ಕು ಕಪ್ ಹೀಗೇ ಬಂದಿರೋದು.”

ಇದೂ ಕಟ್ಟಿದ ಕತೆಯೇ ಅಂದುಕೊಂಡು ಡಾಕ್ಟರು ಸೀಟು ಬಡಿದು ಬಡಿದು ನಕ್ಕರು. ಬೂಟಣ್ಣನಿಗೆ ಜನ್ಮ ಸಾರ್ಥಕವಾದ ಹಾಗಾಯಿತು.

ಕ್ಲಬ್ಬು ಮುಟ್ಟಿದಾಗ ಆಟ ಮುಗಿದಿತ್ತು. ಫೋಟೋಗೆ ಅಂತ ಡಾಕ್ಟರ ಕೈಗೊಂದು ಗಾಲ್ಫ್ ಕೋಲು ಕೊಟ್ಟರು. ಬೀಸಿದರು. ಚೆಂಡು ಸೀದಾ ಹೋಗಿ ಮರಳುಗುಂಡಿಗೆ ಬಿತ್ತು.

“ಬಿಡಿ ಸರ್, ಭಾಷಣಕ್ಕೆ ಹೊತ್ತಾಯ್ತು,” ಅಂದ ಬೂಟಣ್ಣ.

“ಹತ್ತು ಸಾವಿರ ಹಲ್ಲು ಕಿತ್ತ ಕೈ ಇದು. ಒಂದು ಚೆಂಡು ಕೀಳೋಕಾಗಲ್ವಾ? ನೀವು ನಡೀರಿ, ಬಂದೆ!” ಅಂತ ಅವರು ಗುಂಡಿಗೆ ಇಳಿದೇಬಿಟ್ಟರು.

ಶಾಮಿಯಾನದ ಕೆಳಗೆ ನಲವತ್ತೆರಡು ಮೆಂಬರುಗಳು ಬೂಟು ಕೂಡ ಬಿಚ್ಚದೆ ಕಾದು ಕೂತಿದ್ದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಮರಳುಗುಂಡಿಯಿಂದ ಮರಳು ಹಾರುತ್ತಿತ್ತೇ ಹೊರತು ಚೆಂಡು ಹಾರಲಿಲ್ಲ. ಅಧ್ಯಕ್ಷರು ಬೂಟಣ್ಣನ ರಟ್ಟೆ ಹಿಡಿದರು.

“ಅವರು ಬರೋವರೆಗೆ ನೀನೇ ಏನಾದ್ರೂ ಮಾತಾಡು.”

“ನಾನಾ? ಏನು ಮಾತಾಡ್ಲಿ ಸರ್?”

“ಏನಾದ್ರೂ! ಕೌಂಟರು ಬೇಕೋ ಬೇಡ್ವೋ?”

ಬೂಟಣ್ಣ ಮೈಕಿನ ಮುಂದೆ ಹೋಗಿ ನಿಂತ. ತಲೆಯಲ್ಲಿ ಇದ್ದದ್ದು ಒಂದೇ. “ಒಬ್ಬರು ಹಲ್ಲಿನ ಡಾಕ್ಟರಿದ್ರು. ಅವರ ಕುರ್ಚಿ ಕೆಟ್ಟೋಗಿತ್ತು...” ಅಂದ. ಶಾಮಿಯಾನ ಹಾರಿಹೋಗುವಂಥ ನಗು! ಅತ್ತೆಯ ಹಲ್ಲುಸೆಟ್ಟಿನ ಕತೆಗೆ ಅಧ್ಯಕ್ಷರು ಕಣ್ಣೊರೆಸಿಕೊಂಡರು. “ಇನ್ನೊಂದು! ಇನ್ನೊಂದು!” ಅಂದರು ಜನ. ಹೊಗಳಿಕೆಗೆ ಉಬ್ಬಿದ ಬೂಟಣ್ಣ ಏಳೂ ಕತೆ ಬರಿದು ಮಾಡಿದ ಮೇಲೇ ತಲೆ ಎತ್ತಿದ್ದು. ನೋಡಿದರೆ, ಹಿಂದಿನ ಸಾಲಿನಲ್ಲಿ ತಲೆತುಂಬಾ ಮರಳು ಹೊತ್ತು ಡಾಕ್ಟರು ನಿಂತಿದ್ದಾರೆ.

ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. ನಗುತ್ತಲೇ ಮೈಕು ಹಿಡಿದರು.

“ನನ್ನ ಹತ್ರ ಇದ್ದದ್ದನ್ನೆಲ್ಲ ಈ ಸ್ನೇಹಿತರು ಹೇಳಿಬಿಟ್ರು. ಪರವಾಗಿಲ್ಲ, ಬರೋವಾಗ ಕಾರಿನಲ್ಲಿ ನಾನೂ ಇವರಿಂದ ಒಂದು ಹೊಸದು ಕಲಿತೆ. ಒಂದೂರಲ್ಲಿ ಒಂದು ಗಾಲ್ಫ್ ಕ್ಲಬ್ಬು. ಅಲ್ಲಿನ ಅಧ್ಯಕ್ಷರ ಬಲಗಾಲಿನ ಬೂಟು...”

ಬೂಟಣ್ಣ ವೇದಿಕೆಯ ಪಕ್ಕದಿಂದ ಬೇಡ ಬೇಡ ಅಂತ ಎರಡೂ ಕೈ ಆಡಿಸಿದ. ಹುರಿದುಂಬಿಸುತ್ತಿದ್ದಾನೆ ಅಂದುಕೊಂಡು ಡಾಕ್ಟರು ಹಸಿರು ಕಲೆಯನ್ನೂ ಬಿಡದೆ ವಿವರವಾಗಿ ಹೇಳಿದರು. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಮುಂದಿನ ಸಾಲಿನಿಂದ ಒಂದೊಂದೇ ಸಾಲಿನ ನಗು ನಿಂತಿತು. ಎಲ್ಲರ ಕಣ್ಣೂ ಮೆಲ್ಲಗೆ ಕೆಳಗಿಳಿಯಿತು. ಅಧ್ಯಕ್ಷರ ಬಲಗಾಲು ಕುರ್ಚಿಯ ಅಡಿಗೆ ಸರಿಯಿತು.

ಕಾರ್ಯಕ್ರಮ ಮುಗಿದ ಮೇಲೆ ಐದನೇ ಕಪ್ ಕಂಕುಳಲ್ಲಿಟ್ಟುಕೊಂಡು ಅಧ್ಯಕ್ಷರು ಬೂಟಣ್ಣನ ಹತ್ತಿರ ಬಂದರು.

“ಕೌಂಟರಿಗೆ ಯಾರಾದ್ರೂ ಆಗ್ತಾರೆ ಕಣಯ್ಯಾ. ನಿನ್ನಂಥ ಕಣ್ಣು ಬೂಟ್ ರೂಮಿಗೇ ಬೇಕು. ರಿಟೈರಾಗೋವರೆಗೂ ಅಲ್ಲೇ ಇರು,” ಅಂದರು.

ಸಂಜೆ ಬೂಟಣ್ಣ ಹಳೇ ಸ್ಟೂಲಿನ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತ. ಎದುರಿಗೆ ನಲವತ್ತೆರಡು ಜೊತೆ ಬೂಟು. ಎಡಗಾಲಿನವೆಲ್ಲ ಕೆಸರು ಮೆತ್ತಿಕೊಂಡಿದ್ದವು. ಬಲಗಾಲಿನವು, ಒಂದೂ ಬಿಡದೆ, ಮೆಂಬರುಗಳೇ ಆಗಲೇ ಒರೆಸಿಟ್ಟು ಫಳಫಳ. ಬೂಟಣ್ಣ ಸ್ವಲ್ಪ ಹೊತ್ತು ಕಣ್ಣು ಪಿಳಿಪಿಳಿ ಬಿಟ್ಟು ನೋಡಿದ. ಆಮೇಲೆ ಒಬ್ಬನೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅಷ್ಟರಲ್ಲಿ ಹೆಂಡತಿಯ ಫೋನು.

“ಏನ್ರೀ, ಸಿಕ್ತಾ ಕೌಂಟರು? ಪಕ್ಕದ ಮನೆಯವರು ಆಗ್ಲಿಂದ ಕೇಳ್ತಿದಾರೆ.”

“ಕೌಂಟರು ಇಲ್ಲ ಕಣೇ,” ಅಂದ ಬೂಟಣ್ಣ, ಎಡಗಾಲಿನದೊಂದನ್ನು ಕೈಗೆತ್ತಿಕೊಂಡು. “ಆದ್ರೆ ಇವತ್ತಿಂದ ನಂಗೆ ಅರ್ಧ ಕೆಲಸ.”