ಹಿತ್ತಲಲ್ಲಿ ಜೋಳ ಹೆಕ್ಕುವ ಹಿರಿಯರು

ನಮ್ಮ ಮನೆತನದಲ್ಲಿ ಇದುವರೆಗೆ ಯಾರೂ ಸತ್ತಿಲ್ಲ ಎಂಬುದು ನನ್ನ ಸೋದರತ್ತೆಯ ಖಚಿತ ಅಭಿಪ್ರಾಯ. ಎಲ್ಲರೂ ತಡವಳ ಹಳ್ಳಿಯಲ್ಲಿ, ಅವಳ ಹಿತ್ತಲಿನಲ್ಲೇ ಜೋಳ ಹೆಕ್ಕುತ್ತಿದ್ದಾರೆ. ಕೋಳಿಗಳಾಗಿ.

ಕುತ್ತಿಗೆ ಬೋಳಾದದ್ದು ನಮ್ಮಜ್ಜ. ಅದು ಮೊಟ್ಟೆ ಇಡುತ್ತದಲ್ಲ ಎಂದು ಒಮ್ಮೆ ಕೇಳಿದ್ದೆ.

"ಇದ್ದಾಗ ಒಂದು ಕೆಲಸಾ ಮಾಡ್ಲಿಲ್ಲ. ಈಗರೆ ಮಾಡ್ಲಿ ಬಿಡ" ಎಂದಳು.

ಇಂಥವಳ ಬಳಿಗೆ ಸಂಶೋಧನೆಗೆ ಹೋಗಬಹುದೇ? ನನಗೆ ಬೇರೆ ದಾರಿಯಿರಲಿಲ್ಲ. ಸೊಲ್ಲಾಪುರದಲ್ಲಿ ನಾನು ಓದುತ್ತಿರುವುದು ಕೋಳಿಗಳ ಜೀನ್‌ಗಳ ಬಗ್ಗೆ. ಒಂದೇ ಕಾಳು ತಿಂದು ಒಂದು ಕೋಳಿ ಬೇಗ ಬೆಳೆದು ಕೊಬ್ಬುತ್ತದೆ, ಅದರ ಒಡಹುಟ್ಟು ಬಡಕಲಾಗಿಯೇ ಉಳಿಯುತ್ತದೆ. ಯಾವ ಜೀನ್ ಹೀಗೆ ಮಾಡುತ್ತದೆಂದು ತಿಳಿಯಲು ರಕ್ತ ಬೇಕು. ಕೊನೆಗೆ ಕೊಯ್ದು ಹೊಟ್ಟೆಯ ಕೊಬ್ಬನ್ನೂ ತೂಗಬೇಕು. ಒಂದೇ ಕಾವಿನಲ್ಲಿ ಹುಟ್ಟಿದ ಇಂಥ ಜೋಡಿ ಎಲ್ಲೂ ಸಿಗದೆ ನನ್ನ ಕೆಲಸ ನಿಂತುಹೋಗಿತ್ತು. ಅತ್ತೆಯ ಹಿತ್ತಲಲ್ಲಿ ಅದಿತ್ತು. ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ, ಬುಟ್ಟಿ ಹಿಡಿದು, ಮಟಮಟ ಮಧ್ಯಾಹ್ನ ಹೋಗಿ ಇಳಿದೆ.

ಹಿರಿಯರ ಮೈಗುಣ ಮರಿಗಳಲ್ಲಿ ಮತ್ತೆ ಬರುತ್ತದೆ, ಅದನ್ನೇ ಹುಡುಕುತ್ತಿದ್ದೇನೆ ಎಂದು ವಿವರಿಸಿದೆ.

"ಹೋದವ್ರು ತಿರುಗಿ ಬರ್ತಾರ ಅಂತ ನಾ ಅಂದ್ರ ಹುಚ್ಚಿ. ನೀ ಅಂದ್ರ ಸಾಯನ್ಸ್. ಬರಂ ಪೋರಿ, ಬರಂ" ಎಂದು ಮರಾಠಿಯಲ್ಲಿ ಒಪ್ಪಿಗೆ ಕೊಟ್ಟಳು.

ಆದರೆ ಅವಳದೊಂದು ಷರತ್ತು. ದೇವರಿಗೆ ಕೋಳಿ ಕೊಡುವಾಗ ನೀರು ಚಿಮುಕಿಸುತ್ತಾರೆ. ಮೈ ಕೊಡವಿದರೆ ಒಪ್ಪಿತೆಂದು ಅರ್ಥ. ನನ್ನ ಬುಟ್ಟಿಗೂ ಅದೇ ನಿಯಮ.

"ಅಣ್ಣಾ" ಎಂದು ಕರೆದಳು. ಅಷ್ಟು ಕೋಳಿಗಳ ನಡುವೆ ದಪ್ಪನೆಯದೊಂದೇ ತಲೆಯೆತ್ತಿ, ತೂಗಾಡುತ್ತ ಬಂದು ಅವಳ ಮುಂದೆ ನಿಂತಿತು. ಥೇಟ್ ನಮ್ಮ ದೊಡ್ಡಪ್ಪನ ನಡಿಗೆ. ನೀರು ಬಿದ್ದದ್ದೇ ಮೈ ಕೊಡವಿತು.

"ಒಪ್ಯಾನ. ಒಯ್ಯಿ. ಹಟಮಾರಿ ಅದಾನ, ಮತ್ತ ಬರ್ತಾನ."

ಅದನ್ನು ಬುಟ್ಟಿಗಿಳಿಸಿ ಬಾಯಿ ಕಟ್ಟಿದೆ. ಬಡಕಲು ಹೇಂಟೆಯನ್ನು ಅವಳು ಕರೆಯಲಿಲ್ಲ. ಅದು ಆಗಲೇ ಬಂದು ನನ್ನ ಕಾಲ ಬಳಿ ನಿಂತಿತ್ತು.

"ಇದು ಯಾರತ್ತಿ?"

"ಮದ್ಲ ನೀರ ಹಾಕು."

ಹಾಕಿದೆ. ಹನಿಗಳು ಗರಿಗಳ ಮೇಲಿಂದ ಜಾರಿದವು. ಅದು ಕದಲಲಿಲ್ಲ, ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿತ್ತು. ಮತ್ತೆ ಹಾಕಿದೆ. ಹಿತ್ತಲಿನ ಸದ್ದೆಲ್ಲ ನಿಂತಿತ್ತು. ಉಳಿದ ಕೋಳಿಗಳೂ ನಮ್ಮತ್ತಲೇ ತಿರುಗಿದ್ದವು.

"ಬಿಸಿಲಿಗೆ ಹಿಂಗ ಮಾಡ್ತದ" ಎಂದೆ.

"ಹೂಂ. ಸಾಯನ್ಸ್."

ಅತ್ತೆ ಜೋಳ ಚೆಲ್ಲಿದಳು. ಎಲ್ಲವೂ ಮುಗಿಬಿದ್ದವು. ಬಡಕಲು ಹೇಂಟೆ ಮಾತ್ರ ಹಿಂದೆ ಸರಿದು, ಕುತ್ತಿಗೆಯನ್ನು ಎಡಕ್ಕೆ ವಾಲಿಸಿ, ಉಳಿದವು ತಿಂದು ಮುಗಿಸುವುದನ್ನು ಕಾಯುತ್ತ ನಿಂತಿತು. ಆ ವಾಲು ನನಗೆ ಗೊತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಒರಗಿ, ನಾವೆಲ್ಲ ಉಂಡೆದ್ದ ಮೇಲೆ ಉಣ್ಣುತ್ತಿದ್ದವರೊಬ್ಬರಿದ್ದರು.

"ಹೋದ ವರ್ಷ ನಿಮ್ಮ ದೊಡ್ಡಪ್ಪನ ಬೆನ್ನಿಗೇ ನಿಮ್ಮವ್ವನೂ ಹೋದ್ಲಲ್ಲ. ಇಬ್ರೂ ಒಂದಾ ಕಾವಿಗಿ ಬಂದ್ರು" ಅತ್ತೆ ಮೆಲ್ಲಗೆ ಹೇಳಿದಳು. "ನಿನಗ ಹೇಳಾಕ ಬಾಯಿ ಬರ್ಲಿಲ್ಲ. ನಿನ್ನ ಓದಿಗಾದ್ರ ಅಕಿ ಜೀವಾ ಕೊಡಾಕಿನೇ. ಖರೆ ಇವತ್ತ ಒಲ್ಲೆ ಅನ್ನಾಕತ್ಯಾಳ."

"ಯಾಕ?"

"ನೀ ಇನ್ನಾ ಉಂಡಿಲ್ಲಲ್ಲ."

ಬುಟ್ಟಿಯ ಬಾಯಿ ಬಿಚ್ಚಿದೆ. ದೊಡ್ಡಪ್ಪ ಗೊಣಗುತ್ತ ಇಳಿದು ಹೋದರು. ಒಳಗೆ ಹೋಗಿ ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಂಡು ಬಂದು, ಹೊಸ್ತಿಲ ಮೇಲೆ ಕುಳಿತು ಪೂರ್ತಿ ಉಂಡೆ. ಅದು ನೋಡುತ್ತಲೇ ಇತ್ತು.

ಕೈ ತೊಳೆದು, ಅಂಗೈಯಲ್ಲಿ ಜೋಳ ಹಿಡಿದೆ.

"ನಂದಾತು. ಈಗ ನೀ ಉಣ್ಣವ್ವ."

ಅದು ಮೈ ಕೊಡವಿತು.